ಕಾಯಿ ಇಟ್ಟ ತಟ್ಟೆ

ಸಂಜೆ ಒಪ್ಪಿಕೊಂಡಳು, ಬೆಳಿಗ್ಗೆ ಬೇಡ ಎಂದಳು. ಇಂಗ್ಲೆಂಡಿನ ಆ ಕಾದಂಬರಿಗಾರ್ತಿಯ ಬದುಕಿನಲ್ಲಿ ಮದುವೆ ಅಷ್ಟು ಹತ್ತಿರ ಬಂದು ನಿಂತದ್ದು ಅದೊಂದೇ ಸಲ, ಅದೂ ಒಂದು ರಾತ್ರಿಯ ಮಟ್ಟಿಗೆ. ಅಂತರ ಕಾಲೇಜು ನಾಟಕ ಸ್ಪರ್ಧೆಗೆ ಆಕೆಯ ಜೀವನವನ್ನೇ ನಾಟಕ ಮಾಡಿಸುತ್ತೇನೆ ಎಂದು ಪ್ರಾಂಶುಪಾಲರ ಮುಂದೆ ಜಂಬ ಕೊಚ್ಚಿ ಒಪ್ಪಿಕೊಂಡು ಬಂದವಳು ನಾನು. ಬೆಳಿಗ್ಗೆ ಎದ್ದು ಬೇಡ ಎನ್ನುವ ಬುದ್ಧಿ ನನಗೆ ಬರಲಿಲ್ಲ.

ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ಆ ಲೇಖಕಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಷ್ಟು ಕಾಲವೂ ಆಕೆ ತನ್ನ ಪುಸ್ತಕಗಳ ಮೇಲೆ ಹೆಸರು ಹಾಕಿಸಲಿಲ್ಲ. ಮೊದಲ ಪುಸ್ತಕದಲ್ಲಂತೂ ಬರೆದವಳು ಒಬ್ಬ ಹೆಂಗಸು ಎಂಬುದಷ್ಟೇ ಇತ್ತು. ಅದು ನನಗೆ ಮೆಚ್ಚುಗೆಯಾದ ಪದ್ಧತಿ. ಹಾಗಾಗಿ ಈ ಪ್ರಸಂಗದಲ್ಲಿ ಬರುವ ಯಾರ ಹೆಸರನ್ನೂ ನಾನು ಹೇಳುವುದಿಲ್ಲ.

ನಾಟಕ ಬರೆಯಲು ಕೂತಾಗ ಮೊದಲ ಪೆಟ್ಟು ಬಿತ್ತು. ಆಕೆಯ ಬದುಕಿನಲ್ಲಿ ನಾಟಕವೇ ಇಲ್ಲ. ಪಾದ್ರಿಯ ಮಗಳು. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ, ಅಕ್ಕ, ಈಕೆ, ಮೂವರೂ ಗಂಡುಮಕ್ಕಳ ಹಂಗಿನಲ್ಲಿ ಆ ಮನೆ ಈ ಮನೆ ಎಂದು ತಿರುಗಿದರು. ಕೊನೆಗೆ ಒಬ್ಬ ಅಣ್ಣ ಸಣ್ಣದೊಂದು ಮನೆ ಬಿಟ್ಟುಕೊಟ್ಟ. ಅಲ್ಲಿ ಕಿಟಕಿ ಪಕ್ಕ ಒಂದು ಪುಟ್ಟ ಮೇಜಿನ ಮೇಲೆ, ಯಾರಾದರೂ ಬಂದರೆ ಕಾಗದ ಮುಚ್ಚಿಡುತ್ತಾ ಆಕೆ ಬರೆದದ್ದನ್ನು ಜನ ಇನ್ನೂ ಓದುತ್ತಿದ್ದಾರೆ. ಬರೆದದ್ದಾದರೂ ಏನು? ಹೆಣ್ಣು ನೋಡುವುದು, ಗಂಡಿನ ಆಸ್ತಿ ಲೆಕ್ಕ ಹಾಕುವುದು, ಬೀಗಿತ್ತಿಯರ ಕೊಂಕು ಮಾತು. ಪಾಠ ಮಾಡುವಾಗ ನಮ್ಮ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. "ಮೇಡಂ, ಇದು ನಮ್ಮ ಚಿಕ್ಕಮ್ಮನ ಮನೆ ಕಥೆ" ಎಂದು ಒಬ್ಬಳು ಹೇಳಿದರೆ ಇನ್ನೊಬ್ಬಳು "ನಮ್ಮ ಬೀದಿದು" ಎನ್ನುತ್ತಾಳೆ.

ಹೀಗೆ ನಗುತ್ತಿದ್ದವರ ನಡುವೆ ನಗದೆ ಕೇಳುತ್ತಿದ್ದವಳು ಒಬ್ಬಳಿದ್ದಳು. ಕೊನೆಯ ವರ್ಷದ ಬಿ.ಎ. ಹುಡುಗಿ. ಮನೆಯಲ್ಲಿ ರೇಷ್ಮೆ ಸಾಕಣೆ. ಹುಳ ಹಣ್ಣಾಗಿ ಗೂಡು ಕಟ್ಟುವ ವೇಳೆಗೆ ಸರಿಯಾಗಿ ತರಗತಿಗೆ ಚಕ್ಕರ್ ಹೊಡೆಯುತ್ತಿದ್ದಳು. ವಾಪಸು ಬಂದಾಗ ಬಿಟ್ಟುಹೋದ ಪಾಠವನ್ನೆಲ್ಲ ಓದಿಕೊಂಡೇ ಬಂದಿರುತ್ತಿದ್ದಳು. ಲೇಖಕಿಯ ಪಾತ್ರಕ್ಕೆ ಅವಳನ್ನು ಬಿಟ್ಟು ಬೇರೆ ಯಾರನ್ನೂ ನಾನು ಯೋಚಿಸಲಿಲ್ಲ. ಒಮ್ಮೆ ಅಭ್ಯಾಸ ಮುಗಿಸಿ ಬಸ್ಸಿಗೆ ಹೊರಡುವಾಗ ಅವಳೇ ಹೇಳಿದಳು.

"ಮೇಡಂ, ಪರೀಕ್ಷೆ ಆದ್ಮೇಲೆ ನಮ್ಮನೇಲಿ ತಾಂಬೂಲ ಇಟ್ಕೊಂಡವ್ರೆ. ಪೆರೇಸಂದ್ರದ ಅತ್ತೆ ಮಗನ ಜೊತೆ. ನಂಗೆ ಎಂ.ಎ. ಮಾಡ್ಬೇಕು ಅಂತ ಆಸೆ."

"ಮನೇಲಿ ಹೇಳಿದ್ಯಾ?"

"ಯಾರೂ ಕೇಳೇ ಇಲ್ಲ ಮೇಡಂ, ಹೇಳೋಕೆ."

ಬಸ್ಸು ಬಂತು, ಹತ್ತಿ ಹೋದಳು. ಊರ ಉಸಾಬರಿ ನನಗೇಕೆ ಎಂದುಕೊಂಡೆ. ಆದರೂ ಚಿಕ್ಕಬಳ್ಳಾಪುರದ ನನ್ನ ಮನೆ ತಲುಪುವವರೆಗೂ ಅವಳ ಮಾತು ತಲೆಯಲ್ಲೇ ಕೊರೆಯುತ್ತಿತ್ತು.

ಮುಂದಿನ ತಲೆನೋವು ಬಟ್ಟೆಯದು. ಚಿಂತಾಮಣಿಯಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವವರೊಬ್ಬರನ್ನು ಹುಡುಕಿಕೊಂಡು ಹೋದೆ. ಇಂಗ್ಲಿಷ್ ದೊರೆಸಾನಿಯ ಉಡುಪು ಬೇಕು ಎಂದದ್ದಕ್ಕೆ ಅವರು ಜರಿ, ಮಿಣಿಮಿಣಿ ಬಿಲ್ಲೆ, ಜೊತೆಗೊಂದು ಕಿರೀಟ ತಂದು ಮುಂದಿಟ್ಟರು. ಬಡ ಪಾದ್ರಿಯ ಮಗಳಿಗೆ ಕಿರೀಟವೇ! ಆ ಕಾಲದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇದು ನೈಟಿ ಅಲ್ವಾ ಮೇಡಂ?" ಎಂದರು. ನಿಜಕ್ಕೂ ಹೌದು. ಬಿಳಿ ಹತ್ತಿಯ ಉದ್ದ ನೈಟಿ ಹೊಲಿಸಿ ಎದೆಯ ಕೆಳಗೆ ಒಂದು ರಿಬ್ಬನ್ ಕಟ್ಟಿದರೆ ಮುಗಿಯಿತು. ಹಾಗೇ ಮಾಡಿದೆವು.

ಆದರೆ ಒಪ್ಪಿಗೆಯ ದೃಶ್ಯ ಏನು ಮಾಡಿದರೂ ನಿಲ್ಲಲಿಲ್ಲ. ಸ್ನೇಹಿತೆಯರ ಮನೆಗೆ ಅತಿಥಿಯಾಗಿ ಹೋದಾಗ ಆ ಮನೆಯ ವಾರಸುದಾರ ಮದುವೆಯಾಗುತ್ತೀಯಾ ಎಂದು ಕೇಳುತ್ತಾನೆ, ಈಕೆ ಆಗಲಿ ಎನ್ನುತ್ತಾಳೆ. ಬಾಯಿಮಾತಿನಲ್ಲಿ ಆಡಿಸಿದರೆ ಹಾಲು ಬೇಕೇ ಎಂದು ಕೇಳಿದಷ್ಟೇ ಸಪ್ಪೆಯಾಗಿತ್ತು. ಉಂಗುರ ತರಿಸಿದರೆ ಹುಡುಗರ ಗುಂಪು ಸಿಳ್ಳೆ ಹೊಡೆಯಿತು. ಒಪ್ಪಿದ್ದಕ್ಕೆ ತೂಕವಿಲ್ಲದಿದ್ದರೆ ಬೆಳಿಗ್ಗೆ ಬೇಡ ಎಂದದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು? ರೋಸಿಹೋಗಿ, "ಉಂಗುರ ಬಿಸಾಕಿ, ತಾಂಬೂಲದ ತಟ್ಟೆ ತನ್ನಿ. ಅದಾದರೆ ನಿಮಗೆ ಅರ್ಥವಾಗುತ್ತದೆ" ಎಂದೆ.

ಗಂಡಿನ ಪಾತ್ರ ಮಾಡುತ್ತಿದ್ದ ಹುಡುಗ ಆಗಷ್ಟೇ ಅಕ್ಕನ ನಿಶ್ಚಿತಾರ್ಥ ಮುಗಿಸಿದ್ದ. ನಾನು ಖಾಲಿ ತಟ್ಟೆ ತರುತ್ತಾನೆ ಎಂದುಕೊಂಡಿದ್ದರೆ ಅವನು ಶಾಸ್ತ್ರೋಕ್ತವಾಗಿ ಎಲೆ, ಅಡಿಕೆ, ಅರಿಶಿನದ ಕೊಂಬು, ಕುಂಕುಮ, ಜುಟ್ಟು ಬಿಟ್ಟ ತೆಂಗಿನಕಾಯಿ, ಎಲ್ಲ ಜೋಡಿಸಿ ತಂದ. ಹುಡುಗಿ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು. ಒಂದು ಸಿಳ್ಳೆಯೂ ಬರಲಿಲ್ಲ. ಸಿಕ್ಕಿತು ದೃಶ್ಯ ಎಂದು ನಾನು ಕುಣಿಯುವುದೊಂದು ಬಾಕಿ.

ಆ ಖುಷಿಯಲ್ಲೇ ಯಾರೋ ಅದನ್ನು ವೀಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದರು.

ಮಾರನೆಯ ದಿನ ಹುಡುಗಿ ಬರಲಿಲ್ಲ. ಹುಳ ಹಣ್ಣಾಗಿರಬೇಕು ಎಂದುಕೊಂಡೆ. ಮಧ್ಯಾಹ್ನ ಫೋನು ಬಂತು. ಆ ಕಡೆ ಅವಳ ಪೆರೇಸಂದ್ರದ ಸೋದರತ್ತೆ.

"ಏನಮ್ಮಾ ಮೇಡಮ್ಮಾ, ನೀವು ಕಾಲೇಜಲ್ಲಿ ಪಾಠ ಹೇಳ್ಕೊಡ್ತೀರೋ, ಮದುವೆ ಮಾಡಿಸ್ತೀರೋ?"

"ಅದು ನಾಟಕ ಅಮ್ಮಾ."

"ನಾಟಕಕ್ಕೆ ನಿಜವಾದ ಕಾಯಿ ಯಾಕೆ? ನಾಳೆ ನಮ್ಮನೆಗೆ ಬರೋ ಹುಡುಗಿ, ಹಿರಿಯೋರು ಯಾರೂ ಇಲ್ದೆ ತಾನೇ ಕೈ ಚಾಚಿ ಯಾವನ್ದೋ ತಟ್ಟೆ ತಗೊಂಡವ್ಳೆ. ಊರೆಲ್ಲಾ ನೋಡವ್ರೆ. ಸಾಕು ಬಿಡಿ. ಇನ್ನ ಅವಳು ನಾಟಕಕ್ಕೂ ಬರಲ್ಲ, ಕಾಲೇಜಿಗೂ ಬರಲ್ಲ. ಪರೀಕ್ಷೆ ಬರೀಲಿ, ಅಷ್ಟೇ."

ಫೋನು ಕಟ್ಟಾಯಿತು. ನಾಟಕ ಹೋದರೆ ಹೋಗಲಿ, ಪ್ರಾಂಶುಪಾಲರಿಂದ ಬೈಸಿಕೊಂಡರೆ ಮುಗಿಯಿತು. ಆದರೆ ಎಂ.ಎ. ಕನಸು ಕಾಣುತ್ತಿದ್ದ ಹುಡುಗಿಗೆ ಕಾಲೇಜಿನ ಬಾಗಿಲನ್ನೇ ನಾನು ಮುಚ್ಚಿಸಿದ್ದೆ. ಸಿಟ್ಟು ಬಂತು. ಯಾರ ಮೇಲೆ ತೋರಿಸುವುದು ಎಂದು ಗೊತ್ತಾಗದೆ ಸ್ಟೇಟಸ್ ಹಾಕಿದವಳ ಮೇಲೆ ಕೂಗಾಡಿದೆ. ಅವಳು ಅತ್ತಳು. ಅದರಿಂದ ಏನೂ ಸರಿಹೋಗಲಿಲ್ಲ.

ಸಹೋದ್ಯೋಗಿಗಳು ಪಾತ್ರ ಬದಲಾಯಿಸಿ ಎಂದರು. ನಾನು ನಾಟಕದ ಪ್ರತಿಯನ್ನು ಬ್ಯಾಗಿಗೆ ಹಾಕಿಕೊಂಡು ಪೆರೇಸಂದ್ರಕ್ಕೆ ಹೊರಟೆ. ಹೆದ್ದಾರಿಯಲ್ಲಿ ಇಳಿದು ಒಳದಾರಿ ಹಿಡಿದು ನಡೆದೆ. ಅತ್ತೆಯ ಮನೆ ಸಿಗುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಸೇವಂತಿಗೆ ರಾಶಿ ಹಾಕಿಕೊಂಡು, ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಕಳಿಸಲು ಚೀಲಕ್ಕೆ ತುಂಬುತ್ತಿದ್ದರು. ನನ್ನನ್ನು ನೋಡಿ ಮುಖ ಬಿಗಿಯಾಯಿತು. ಆದರೂ ನೀರು ತಂದುಕೊಟ್ಟರು.

ವಾದ ಮಾಡಿದರೆ ಸೋಲುತ್ತೇನೆ ಎಂದು ಗೊತ್ತಿತ್ತು. "ಅಮ್ಮಾ, ನಾಟಕ ಪೂರ್ತಿ ಓದ್ತೀನಿ. ಕೇಳಿ. ಆಮೇಲೆ ಬೈಯಿರಿ" ಎಂದೆ. ಬೇಡ ಎನ್ನಲಿಲ್ಲ. ಅವರು ಹೂ ತುಂಬುತ್ತಾ ಇದ್ದರು, ನಾನು ಓದುತ್ತಾ ಹೋದೆ. ಒಪ್ಪಿಗೆಯ ದೃಶ್ಯ ಬಂದಾಗ ಕೈ ನಿಂತಿತು.

"ಹುಡುಗ ಕುಡಿಯೋನಾ?"

"ಇಲ್ಲಮ್ಮಾ."

"ಕೆಟ್ಟೋನಾ?"

"ಹಾಗೂ ಕೇಳಿಲ್ಲ. ಸ್ವಲ್ಪ ಒರಟು ಆಳು, ಮಾತು ತೊದಲ್ತಿದ್ದನಂತೆ. ಇವಳಿಗಿಂತ ಚಿಕ್ಕೋನು. ದೊಡ್ಡ ಬಂಗಲೆ, ಬೇಕಾದಷ್ಟು ಜಮೀನು. ಮದುವೆ ಆಗಿದ್ರೆ ಅಪ್ಪ, ಅಮ್ಮ, ಅಕ್ಕ ಎಲ್ಲರಿಗೂ ಒಂದು ನೆಲೆ ಆಗೋದು."

"ಮತ್ಯಾಕಮ್ಮಾ ಬೇಡ ಅಂದ್ಳು ಆಯಮ್ಮ?"

"ಗೊತ್ತಿಲ್ಲ. ಅಕ್ಕನಿಗೆ ಬರೆದ ಕಾಗದಗಳು ಬೇಕಾದಷ್ಟು ಇದ್ವು. ಆಕೆ ಸತ್ತು ಎಷ್ಟೋ ವರ್ಷ ಆದ್ಮೇಲೆ ಅಕ್ಕ ಹೆಚ್ಚಿನವನ್ನ ಸುಟ್ಟುಬಿಟ್ಲು. ಓದಿದೋರೆಲ್ಲ ಅದಕ್ಕೆ ಇವತ್ತಿಗೂ ಮರುಗ್ತಾರೆ."

"ಮರುಗೋದ್ಯಾಕೆ? ಬುದ್ಧಿವಂತೆ ಅಕ್ಕ. ಮುಂದೆ ನಿಮ್ಮಂಥೋರು ಬಂದು ನಾಟಕ ಆಡಿಸ್ತೀರ ಅಂತ ಅವಾಗ್ಲೇ ಗೊತ್ತಿತ್ತೇನೋ."

ನಗು ಬಂತು. ಅವರು ನಗಲಿಲ್ಲ. ಸೇವಂತಿಗೆಯೊಂದನ್ನು ಬೆರಳಲ್ಲಿ ತಿರುಗಿಸಿದರು.

"ಅದಿ ಸರೇ," ಎಂದರು ತೆಲುಗಿನಲ್ಲಿ, ಅದು ಸರಿ ಎಂದು ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ ಕನ್ನಡಕ್ಕೆ ಬಂದರು. "ಆದ್ರೆ ತಪ್ಪಾಯ್ತು. ತಟ್ಟೆ ಹಿಂದಕ್ಕೆ ಹೋಗೋ ಹಂಗಿದ್ರೆ ಹುಡುಗಿ ಕೈಲಿ ಹೋಗಬಾರದು. ಮನೆ ಹಿರಿಯೋಳು ತನ್ನ ತಲೆ ಮೇಲೆ ಹಾಕ್ಕೊಂಡು ಕೊಡಬೇಕು. ಹುಡುಗಿ ಹೆಸರು ಬಾಯಿಗೆ ಬರಬಾರದು. ಆಯಮ್ಮನ ಪರವಾಗಿ ಹೇಳೋರು ಯಾರೂ ಇರಲಿಲ್ವಾ?"

"ಆ ಮನೇಲಿ ಜೊತೆಗೆ ಅಕ್ಕ ಒಬ್ಬಳೇ ಇದ್ದಿದ್ದು. ಆದರೆ ಬೇಡ ಅಂತ ಈಕೆ ತಾನೇ ಹೇಳಿದ್ಲು. ಹೇಳಿ, ಅವತ್ತೇ ಗಾಡಿ ಕಟ್ಟಿಸ್ಕೊಂಡು ಹೊರಟುಬಿಟ್ರು."

"ಪಾಪ," ಎಂದರು. ಅದು ಯಾರ ಬಗ್ಗೆ ಎಂದು ನನಗೆ ತಿಳಿಯಲಿಲ್ಲ.

ಹೊರಡುವಾಗ ತೀರ್ಪು ಬಂತು. "ಆಡ್ಲಿ. ಕಾಯಿ ಮಾತ್ರ ಇಡಬೇಡಿ, ಅರಿಶಿನ ಕುಂಕುಮನೂ ಬೇಡ. ಬರೀ ಎಲೆ ಅಡಿಕೆ ಇರ್ಲಿ, ಅದನ್ನ ಮನೆಗೆ ಬಂದೋರಿಗೆಲ್ಲ ಕೊಡ್ತೀವಿ. ಕಾಯಿ ಇದ್ರೇನೆ ಅದು ಮಾತು. ನಾನೂ ಬರ್ತೀನಿ. ಮುಂದೇನೇ ಕೂರ್ತೀನಿ."

"ಇಡಲ್ಲಮ್ಮಾ," ಎಂದು ಮಾತು ಕೊಟ್ಟೆ.

ಹುಡುಗಿ ಕಾಲೇಜಿಗೆ ಮರಳಿದಳು. ಷರತ್ತು ಕೇಳಿ ತಲೆ ಆಡಿಸಿದಳು. ಆದರೆ ಎಲೆ ಅಡಿಕೆಯ ತಟ್ಟೆ ಬಂದ ಮೇಲೆ ದೃಶ್ಯ ಮತ್ತೆ ಸಪ್ಪೆಯಾಯಿತು. ಎಷ್ಟು ಸಲ ಆಡಿಸಿದರೂ ಅಷ್ಟೇ.

"ಎಲೆ ಅಡಿಕೆ ವಾಪಸ್ ಕೊಟ್ರೆ ಯಾರಿಗೇನು ಮೇಡಂ?" ಎಂದಳು. "ಆಯಮ್ಮ ಊಟ ಬೇಡ ಅಂದಂಗಿರುತ್ತೆ."

"ಕೊಟ್ಟ ಮಾತು ಕೊಟ್ಟ ಮಾತೇ. ಸುಮ್ಮನೆ ಆಡು," ಎಂದು ಗದರಿದೆ. ಅವಳು ಹೇಳಿದ್ದು ಸರಿ ಎಂದು ಗೊತ್ತಿದ್ದದ್ದರಿಂದಲೇ ಅಷ್ಟು ಜೋರಾಗಿ ಗದರಿದ್ದು.

ಸ್ಪರ್ಧೆ ಚಿಕ್ಕಬಳ್ಳಾಪುರದ ಒಂದು ಸಭಾಂಗಣದಲ್ಲಿ. ಗೌರಿಬಿದನೂರಿನ ಕಾಲೇಜಿನವರ ನಾಟಕ ನಮಗಿಂತ ಮುಂಚೆ ಇತ್ತು, ಅದಕ್ಕೆ ಚಪ್ಪಾಳೆಯೋ ಚಪ್ಪಾಳೆ. ಪರದೆಯ ಸಂದಿಯಿಂದ ನೋಡಿದೆ. ಮುಂದಿನ ಸಾಲಿನಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು, ಬೀಗರ ಮನೆಗೆ ಬಂದವರ ಠೀವಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ಮಗ, ಅದರಾಚೆ ಹುಡುಗಿಯ ಅಪ್ಪ. ರಂಗಕ್ಕೆ ಬೇಕಾದ ಸಾಮಾನುಗಳನ್ನು ನಾನೇ ಒಂದೊಂದಾಗಿ ಪರೀಕ್ಷಿಸಿದೆ. ಪುಟ್ಟ ಮೇಜು, ಬರೆಯುವ ಗರಿ, ಕಾಗದ, ತಟ್ಟೆ. ತಟ್ಟೆಯಲ್ಲಿ ಎಲೆ, ಅಡಿಕೆ. ಮೇಲೆ ಬಟ್ಟೆ ಮುಚ್ಚಿಟ್ಟೆ.

ಬೆಳಕಿನ ಹೊಣೆ ನಮ್ಮ ಭೌತಶಾಸ್ತ್ರದ ಮೇಷ್ಟ್ರದು. ನಾನು ರಂಗದ ಪಕ್ಕದಲ್ಲಿ ನಿಂತು ಕೈ ಎತ್ತಿದರೆ ಅವರು ದೀಪ ಆರಿಸಬೇಕು. ಅದೇ ನಮ್ಮ ಸಂಜ್ಞೆ.

ಮೊದಲ ದೃಶ್ಯಗಳು ಚೆನ್ನಾಗಿ ನಡೆದವು. ಪ್ರಕಾಶಕನೊಬ್ಬ ಆಕೆಯ ಕಾದಂಬರಿಯನ್ನು ಕೊಂಡು ಅಚ್ಚು ಹಾಕದೆ ಮೂಲೆಗೆ ಎಸೆದದ್ದನ್ನು ಕಂಡು ಜನ ಲೊಚಗುಟ್ಟಿದರು. ನೈಟಿಯನ್ನು ಕಂಡು ಯಾರೂ ನಗಲಿಲ್ಲ. ಒಪ್ಪಿಗೆಯ ದೃಶ್ಯ ಬಂತು. ಗಂಡಿನ ಪಾತ್ರದ ಹುಡುಗ ತೊದಲುತ್ತಾ ಕೇಳಿದ. ತಟ್ಟೆಯ ಮೇಲಿನ ಬಟ್ಟೆ ತೆಗೆದ.

ಕಾಯಿ. ಅರಿಶಿನ ಹಚ್ಚಿದ, ಜುಟ್ಟು ಬಿಟ್ಟ ತೆಂಗಿನಕಾಯಿ. ಪಕ್ಕದಲ್ಲಿ ಕುಂಕುಮದ ಭರಣಿ.

ಕಾಯಿ ಇದೆ ಎಂದು ಹುಡುಗನಿಗೂ ಗೊತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಅತ್ತೆ ಕುರ್ಚಿಯ ಅಂಚಿಗೆ ಸರಿದರು. ಅಪ್ಪ ಅರ್ಧ ಎದ್ದರು. ಮೇಷ್ಟ್ರು ನನ್ನ ಕಡೆ ನೋಡುತ್ತಿದ್ದರು. ಕೈ ಎತ್ತಿದರೆ ಕತ್ತಲಾಗುತ್ತದೆ, ವಿದ್ಯುತ್ತು ಹೋಯಿತು ಎನ್ನಬಹುದು, ತಟ್ಟೆ ಬದಲಾಯಿಸಬಹುದು. ಸೇವಂತಿಗೆ ರಾಶಿಯ ಮುಂದೆ ಕೂತು ನಾನು ಮಾತು ಕೊಟ್ಟಿದ್ದೆ. ಕೈ ಸೊಂಟದವರೆಗೂ ಬಂತು.

ಹುಡುಗಿ ಆಗ ನನ್ನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ. ತಡೆಯುತ್ತೀರೋ ಇಲ್ಲವೋ ಹೇಳಿ ಎಂಬಂತಿತ್ತು. ನಾನು ಕೈ ಕೆಳಗಿಳಿಸಿ ಸೆರಗಿನಲ್ಲಿ ಮುಚ್ಚಿಕೊಂಡೆ. ಕೊಟ್ಟ ಮಾತು ಮುರಿದವಳು ಆ ಹೊತ್ತು ರಂಗದ ಮೇಲಿದ್ದವಳಲ್ಲ, ನಾನು.

ಅವಳು ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡಳು. ದೀಪ ತಗ್ಗಿತು. ರಾತ್ರಿಯ ದೃಶ್ಯಕ್ಕೆ ಮಾತಿಲ್ಲ. ಅವಳು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಕು, ಅಕ್ಕನ ಪಾತ್ರದವಳು ಪಕ್ಕದಲ್ಲಿ ಕೂರಬೇಕು, ಅಷ್ಟೇ. ಅಷ್ಟು ದಿನ ಸಪ್ಪೆಯಾಗಿದ್ದ ಅದು ಅವತ್ತು ನೋಡಲಾಗದಷ್ಟು ಭಾರವಾಯಿತು. ಬೆಳಕು ಏರಿತು. ಅವಳು ಎದ್ದು ತಟ್ಟೆಯನ್ನು ಹುಡುಗನ ಕೈಗೆ ಕೊಟ್ಟಳು.

"ನನ್ನಿಂದ ಆಗುವುದಿಲ್ಲ. ತಪ್ಪು ನನ್ನದು, ನಿಮ್ಮದಲ್ಲ."

ನಾನು ಬರೆದ ಮಾತೇ. ಆದರೆ ಅದನ್ನು ಹುಡುಗನನ್ನು ನೋಡಿ ಹೇಳಬೇಕಿತ್ತು. ಅವಳು ಹೇಳಿದ್ದು ಮುಂದಿನ ಸಾಲನ್ನು ನೋಡಿ. ಅಲ್ಲಿ ಅತ್ತೆಯ ಮುಖವೊಂದನ್ನೇ ನೋಡಿ.

ಉಳಿದ ನಾಟಕ ಹೇಗೆ ಮುಗಿಯಿತೋ ನನಗೆ ನೆನಪಿಲ್ಲ. ಚಪ್ಪಾಳೆ ಬಿತ್ತು. ಬಹುಮಾನ ಗೌರಿಬಿದನೂರಿಗೆ ಹೋಯಿತು, ಅದು ನ್ಯಾಯವೇ. ನಾನು ನೇಪಥ್ಯಕ್ಕೆ ಓಡಿದೆ. ಹುಡುಗಿ ರಿಬ್ಬನ್ ಬಿಚ್ಚದೆ ಹಾಗೇ ನಿಂತಿದ್ದಳು.

"ಕಾಯಿ ಇಟ್ಟೋರು ಯಾರೇ?"

"ನಾನೇ ಮೇಡಂ. ಬೆಳಿಗ್ಗೆ ಮನೆಯಿಂದ ತಂದಿದ್ದೆ. ನೀವು ಬಟ್ಟೆ ಮುಚ್ಚಿ ಆ ಕಡೆ ಹೋದ್ರಲ್ಲ, ಅವಾಗ ಇಟ್ಟೆ." ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮನೇಲಿ ಹೇಳೋಕೆ ಆಗ್ಲಿಲ್ಲ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಹಿಂದೆ ಯಾರೂ ಇರಲಿಲ್ಲ, ಮಗನನ್ನೂ ತಮ್ಮನನ್ನೂ ಹೊರಗೇ ನಿಲ್ಲಿಸಿದ್ದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಕಾಯಿ ಎಲ್ಲೇ?"

ಹುಡುಗಿ ತಟ್ಟೆ ತೋರಿಸಿದಳು. ಅತ್ತೆ ಕಾಯಿ ಎತ್ತಿಕೊಂಡು ಹಿಂಬಾಗಿಲಿಗೆ ನಡೆದರು. ಹೊರಗೆ ಕಲ್ಲಿನ ಮೆಟ್ಟಿಲಿತ್ತು. ಬಗ್ಗಿ ಒಂದೇ ಏಟಿಗೆ ಒಡೆದರು. ನೀರು ಮೆಟ್ಟಿಲ ಮೇಲೆ ಹರಿದು ಮಣ್ಣಿಗೆ ಇಳಿಯಿತು.

"ಹಿಂದಕ್ಕೆ ಬಂದ ಕಾಯೀನ ಇಟ್ಕೋಬಾರದು," ಎಂದರು. ಒಂದು ಹೋಳನ್ನು ಹುಡುಗಿಯ ಕೈಗೆ ಹಾಕಿದರು. ಇನ್ನೊಂದನ್ನು ಸೆರಗಿನಿಂದ ಒರೆಸಿ ತಮ್ಮ ಚೀಲಕ್ಕೆ ಇಟ್ಟುಕೊಂಡರು.

"ನಿಮ್ಮಪ್ಪನ ಹತ್ರ ಬಾಯಿ ಬಿಡಬೇಡ. ನನ್ನ ಮಗನ ಹತ್ರಾನೂ ಬಿಡಬೇಡ. ಇದು ನಾಟಕ, ನೀನು ಆಡ್ದೆ, ಮುಗೀತು. ಜಾತಕ ಕೂಡ್ಲಿಲ್ಲ ಅಂತ ನಾನು ಹೇಳ್ತೀನಿ."

"ಅತ್ತಮ್ಮಾ, ಜಾತಕ ಕೂಡ್ತು ಅಂತ ನೀವೇ ಊರಿಗೆಲ್ಲ ಹೇಳಿದ್ರಲ್ಲ..."

"ಈಗ ಕೂಡಲ್ಲ ಅಂತೀನಿ. ಬೈಯೋರು ನನ್ನ ಬೈಲಿ." ಅಳುತ್ತಿದ್ದ ಹುಡುಗಿಯ ಕೆನ್ನೆಯನ್ನು ಒರಟಾಗಿಯೇ ಒರೆಸಿದರು. "ಆಯಮ್ಮನ ಪರವಾಗಿ ಹೇಳೋರು ಯಾರೂ ಇರಲಿಲ್ಲ. ನಿಂಗೆ ನಾನಿದ್ದೀನಿ ಕಣೇ."